ಹದಿನಾಲ್ಕು ಸೆಕೆಂಡಿನ ಲ್ಯಾಪ್‌ಟಾಪ್

ಕೀಲಿ ಮಾಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ನಡೆಯದ ವಸ್ತು ಒಂದೇ ಒಂದಿತ್ತು. ಅದು ಅವನ ಹೆಂಡತಿಯ ಲ್ಯಾಪ್‌ಟಾಪ್.

ಮಾಮನ ಕಸುಬು ಗಡಿಯಾರ ರಿಪೇರಿ. ಮುಂದಿನ ಕೋಣೆಯ ಗೋಡೆ ತುಂಬ ಗಡಿಯಾರಗಳು, ನಡುವೆ ಆಳೆತ್ತರದ ಲೋಲಕದ ಗಡಿಯಾರ. ಪ್ರತಿ ಗುರುವಾರ ಬೆಳಿಗ್ಗೆ ಎಲ್ಲಕ್ಕೂ ಕೀಲಿ ಕೊಡುವುದು ಅವನ ನೇಮ, ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದು. ಹೆಂಡತಿ ಹಿಂದಿನ ಕೋಣೆಯಲ್ಲಿ ಕೂತು ಅಚ್ಚಿಗೆ ಹೋಗುವ ಪುಸ್ತಕಗಳ ತಪ್ಪು ತಿದ್ದುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಪ್ರೆಸ್ಸಿನವರ ಬಾಯಲ್ಲಿ ಅವಳು ಪ್ರೂಫಕ್ಕ. ಅವಳ ಕಣ್ಣು ತಪ್ಪಿಸಿ ಒಂದು ತಪ್ಪು ಅಚ್ಚಾದರೆ ಆ ತಪ್ಪಿಗೇ ಬಹುಮಾನ ಕೊಡಬೇಕು ಎಂದು ಅಲ್ಲಿ ತಮಾಷೆ ಮಾಡುತ್ತಿದ್ದರು.

ಲ್ಯಾಪ್‌ಟಾಪ್ ಕೊಂಡು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಗೊರಗುಟ್ಟಿ, ಕೆಮ್ಮಿ, ಮತ್ತೆ ಗೊರಗುಟ್ಟಿ, ಏಳು ನಿಮಿಷ ನಲವತ್ತು ಸೆಕೆಂಡಿಗೆ ಏಳುತ್ತಿತ್ತು. ಇದು ಅಂದಾಜಿನ ಮಾತಲ್ಲ, ಮಾಮ ಸ್ಟಾಪ್‌ವಾಚ್ ಹಿಡಿದು ಅಳೆದ ಲೆಕ್ಕ. ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳುವ ಗಡಿಯಾರವನ್ನು ಬಿಚ್ಚಿ ಹಾಸುವ ಮನುಷ್ಯ ಅವನು. ಇದನ್ನು ಇಷ್ಟು ವರ್ಷ ಹೇಗೆ ಸಹಿಸಿಕೊಂಡನೋ ದೇವರಿಗೇ ಗೊತ್ತು.

ಒಂದು ಮಂಗಳವಾರ ಪ್ರೆಸ್ಸಿನ ಮ್ಯಾನೇಜರ್ ಫೋನ್ ಮಾಡಿದ. ಪ್ರೂಫಕ್ಕ ಸ್ಪೀಕರ್ ಹಾಕಿದ್ದಳು, ಮುಂದಿನ ಕೋಣೆಗೂ ಕೇಳಿಸಿತು.

"ಅಕ್ಕಾ, ಮೊದಲು ದಿನಕ್ಕೆ ಮೂವತ್ತು ಪುಟ ಕಳಿಸ್ತಿದ್ರಿ. ಈಗ ಹತ್ತಕ್ಕೆ ಬಂದಿದೆ. ಈ ಜೇನು ಸಾಕಣೆ ಪುಸ್ತಕ ತಿಂಗಳ ಕೊನೆಗೆ ಮುಗೀಲೇಬೇಕು. ಇಲ್ಲಾಂದ್ರೆ ಮುಂದಿನದ್ದೆಲ್ಲ ಬೇರೆಯವರಿಗೆ ಕೊಡಿ ಅಂತ ಯಜಮಾನರು ಹೇಳಿಬಿಟ್ಟಿದ್ದಾರೆ. ಬೇಜಾರು ಮಾಡ್ಕೋಬೇಡಿ."

"ನಾನೇನು ಮಾಡ್ಲಪ್ಪಾ? ಈ ಲ್ಯಾಪ್‌ಟಾಪ್ ತೀರಾ ನಿಧಾನ," ಎಂದಳು ಪ್ರೂಫಕ್ಕ.

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ಎದ್ದು ಬರಲಿಲ್ಲ. ಆ ಕೆಲಸ ಕೈತಪ್ಪಿದರೆ ಇವಳು ಇವಳಾಗಿ ಉಳಿಯುವುದಿಲ್ಲ ಎಂಬುದು ಮಾಮನಿಗೆ ಗೊತ್ತಿತ್ತು. ಊಟಕ್ಕೆ ಕೂತರೂ ಔಷಧಿ ಡಬ್ಬಿಯ ಮೇಲಿನ ಬರಹದಲ್ಲಿ ತಪ್ಪು ಹುಡುಕುವ ಹೆಂಗಸು ಅವಳು. ಆ ಕ್ಷಣವೇ ಅವನು ನಿರ್ಧಾರ ಮಾಡಿದ. ದೋಷ ಯಂತ್ರದಲ್ಲಿದೆ, ಯಂತ್ರ ತನ್ನ ಕೈಯಳತೆಯಲ್ಲಿದೆ, ಇನ್ನೇನು ಬೇಕು?

ಅಷ್ಟಕ್ಕೂ ಅವನ ಕಸುಬಿನ ಮೊದಲ ಪಾಠವೇ ಅದು. ಗಿರಾಕಿಯ ಮಾತು ಕೇಳಬೇಡ, ಯಂತ್ರವನ್ನು ಕೇಳು. ವಾಚನ್ನು ಬಕೆಟ್ಟಿನ ನೀರಿಗೆ ಬೀಳಿಸಿದವನೂ "ತಾನಾಗೇ ನಿಂತುಹೋಯ್ತು" ಎಂದೇ ಹೇಳುತ್ತಾನೆ. ಬಿಚ್ಚಿ ನೋಡಿದರೆ ತುಕ್ಕು ನಿಜ ಹೇಳುತ್ತದೆ.

ಮರುದಿನ ಅವನು ಹೆಂಡತಿಗೆ ಹೇಳದೆ ಒಯ್ದ ಲ್ಯಾಪ್‌ಟಾಪನ್ನು ಕಂಪ್ಯೂಟರ್ ಬಿಡಿಭಾಗದ ಅಂಗಡಿಯಾಕೆ ತಿರುಗಿಸಿ ಮುರುಗಿಸಿ ನೋಡಿದಳು. "ಹೊಸದು ತಗೊಳ್ಳಿ ಅಂದ್ರೆ ನನಗೇ ಲಾಭ. ಆದ್ರೆ ಸುಳ್ಳು ಯಾಕೆ ಹೇಳ್ಲಿ, ಇದಕ್ಕೆ ಇನ್ನೂ ಜೀವ ಇದೆ. ಒಳಗೆ ತಿರುಗೋ ಹಾರ್ಡ್ ಡಿಸ್ಕ್ ಇದೆಯಲ್ಲ, ಅದನ್ನ ತೆಗೆದು ಎಸ್‌ಎಸ್‌ಡಿ ಹಾಕಿ. ಅದರೊಳಗೆ ತಿರುಗೋದು ಏನೂ ಇಲ್ಲ, ಬೇಗ ಏಳುತ್ತೆ. ರ‍್ಯಾಮ್ ನಾಲ್ಕು ಜಿಬಿ ಇದೆ, ಜೊತೆಗೆ ಇನ್ನೊಂದು ಎಂಟು ಸೇರಿಸಿ."

"ಎರಡೂ ನೆನಪಿಟ್ಟುಕೊಳ್ಳೋವೇ ತಾನೇ? ಎರಡು ಯಾಕೆ?"

"ಡಿಸ್ಕ್ ಅಂದ್ರೆ ಕಪಾಟು. ರ‍್ಯಾಮ್ ಅಂದ್ರೆ ಮೇಜು. ಕಪಾಟಿಂದ ತೆಗೆದು ಮೇಜಿನ ಮೇಲೆ ಹರಡಿಕೊಂಡು ಕೆಲಸ ಮಾಡೋದು."

ಮಾಮನಿಗೆ ತಲೆಬುಡ ಅರ್ಥವಾಗಲಿಲ್ಲ. ತಿರುಗುವುದು ನಿಧಾನ, ಅಲ್ಲಾಡದೆ ಕೂತಿರುವುದು ವೇಗ ಎನ್ನುತ್ತಾಳಲ್ಲ! ಅವನ ಲೋಕದಲ್ಲಿ ತಿರುಗದೆ ಇರುವುದಕ್ಕೆ ಕೆಟ್ಟುಹೋದದ್ದು ಎಂದೇ ಹೆಸರು. ಆದರೂ ತಲೆಯಾಡಿಸಿದ. ಅಂಗಡಿಯಾಕೆ ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿ ಕೊಟ್ಟಳು. ಜೋಡಿಸುವ ಕೆಲಸ ತನ್ನದು ಎಂದು ಇವನು ಹಟ ಹಿಡಿದು ಮನೆಗೆ ತಂದ.

ಮೇಜಿನ ಮೇಲೆ ಬಟ್ಟೆ ಹಾಸಿ ಕೂತರೆ ಭೂತಗನ್ನಡಿಯೇ ಇಲ್ಲ. ಕಣ್ಣುಗೂಡಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಕಪ್ಪು ಕನ್ನಡಿ ಮೂವತ್ತು ವರ್ಷದಿಂದ ಒಂದೇ ಗೂಟಕ್ಕೆ ನೇತುಬಿದ್ದಿತ್ತು. ಈಗ ಕೆಲವು ವಾರದಿಂದ ಆಗಾಗ ಮಾಯವಾಗುತ್ತಿತ್ತು, ಮತ್ತೆ ಗೂಟಕ್ಕೇ ಬರುತ್ತಿತ್ತು.

"ನನ್ನ ಕನ್ನಡಿ ನೋಡಿದೆಯೇನೇ?"

"ನನಗೇನು ಗೊತ್ತು? ನಿಮ್ಮ ತಲೆ ಮೇಲೇ ಇರುತ್ತೆ, ನೋಡ್ಕೊಳ್ಳಿ," ಎಂದಳು ಒಳಗಿನಿಂದ.

ತಲೆ ಮುಟ್ಟಿ ನೋಡಿಕೊಂಡ, ಇರಲಿಲ್ಲ. ಗೀರುಬಿದ್ದ ಹಳೆಯದೊಂದನ್ನು ಸಿಕ್ಕಿಸಿಕೊಂಡು ಹನ್ನೊಂದು ತಿರುಪು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸುತ್ತಲೂ ಜೋಡಿಸಿದ. ಫ್ಯಾನಿನಿಂದ ಬೂದು ಬಣ್ಣದ ಧೂಳಿನ ಉಂಡೆ ಹೊರಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ತನಗೆ ತಾನೇ ನಕ್ಕ. ಡಿಸ್ಕ್ ಬದಲಾಯಿತು, ರ‍್ಯಾಮ್ ಟಕ್ಕೆಂದು ಕೂತಿತು, ತಿರುಪುಗಳೆಲ್ಲ ತಮ್ಮ ತಮ್ಮ ತೂತಿಗೆ ಮರಳಿದವು.

ಗುಂಡಿ ಒತ್ತಿದ. ಹದಿನಾಲ್ಕು ಸೆಕೆಂಡು!

"ಬಾರೇ ಇಲ್ಲಿ, ನೋಡು!" ಎಂದು ಕೂಗಿದ.

ಪ್ರೂಫಕ್ಕ ಬಂದು ನಿಂತಳು. ಮಾಮ ಮತ್ತೆ ಆರಿಸಿ ಮತ್ತೆ ಹಚ್ಚಿದ, ಮತ್ತೆ ಹದಿನಾಲ್ಕು. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದ. ಅವಳು "ಇಷ್ಟು ಬೇಗನಾ?" ಎಂದಳು, ಅಷ್ಟೇ. ಓದಿಕೊಳ್ಳದೆ ಪರೀಕ್ಷೆಗೆ ಬಂದವರ ಮುಖದ ಹಾಗಿತ್ತು ಅವಳ ಮುಖ.

ಗೊಂದಲ ಶುರುವಾದದ್ದು ಅಲ್ಲಿಂದ. ವಾರ ಕಳೆಯಿತು. ಲ್ಯಾಪ್‌ಟಾಪ್ ಓಡುವ ಕುದುರೆಯಾಗಿತ್ತು, ಪುಟ ಮಾತ್ರ ದಿನಕ್ಕೆ ಹತ್ತೇ. ಮಾಮ ಸ್ಟಾಪ್‌ವಾಚ್ ಹಿಡಿದು ಒಂದೊಂದನ್ನೂ ಅಳೆದ. ಕಡತ ತೆರೆಯಲು ಮೂರು ಸೆಕೆಂಡು, ಪುಟ ತಿರುವಲು ಲೆಕ್ಕಕ್ಕೂ ಸಿಗದಷ್ಟು. ಹಾಗಾದರೆ ಉಳಿದ ಹೊತ್ತೆಲ್ಲ ಎಲ್ಲಿ ಸೋರಿಹೋಗುತ್ತಿದೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಪೇಚಾಡಿದ.

ಸಾಲದ್ದಕ್ಕೆ ಅವಳು ಅವನನ್ನು ನೋಡುವ ರೀತಿ ಬೇರೆ ಬದಲಾಗಿತ್ತು. ಮಾತಾಡುವಾಗ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಎದುರೆದುರೇ ಬೈದಿದ್ದಾಳೆ, ಓರೆಯಾಗಿ ನೋಡಿದ್ದಿಲ್ಲ. ಒಳ್ಳೆಯದು ಮಾಡಲು ಹೋದದ್ದಕ್ಕೆ ಈ ಸಿಟ್ಟೇ? ಹೇಳದೆ ಕೇಳದೆ ಬಿಚ್ಚಿದ್ದು ತಪ್ಪಾಯಿತೇ? ಅವಳು ಹಾಗೆ ನೋಡಿದಾಗಲೆಲ್ಲ ಅವನೂ ಮುನಿಸಿನಿಂದ ಮುಖ ತಿರುಗಿಸತೊಡಗಿದ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಹೇಳಿದಳು. "ಇದರಲ್ಲಿ ಸಾಲುಗಳು ಡೊಂಕಾಗಿ ಕಾಣುತ್ವೆ ಕಣ್ರೀ. ನಡುವೆ ಮಬ್ಬು ಮಬ್ಬು."

ಅಬ್ಬ, ಒಂದು ದೋಷ ಸಿಕ್ಕಿತು! ಮಾಮ ಉಕ್ಕಿನ ಅಳತೆಪಟ್ಟಿ ತಂದು ಪರದೆಯ ಮೇಲೆ ಸಾಲಿನ ಕೆಳಗೆ ಹಿಡಿದ. ಸಾಲು ಎಳೆದ ದಾರದಷ್ಟು ನೆಟ್ಟಗಿತ್ತು. ಇನ್ನೊಂದು ಸಾಲು ನೋಡಿದ, ಅದೂ ನೆಟ್ಟಗೆ. ಅವನು ನಕ್ಕುಬಿಟ್ಟ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಆ ಮನೆಯಲ್ಲಿ ಗಾದೆಗೆ ಗಾದೆ ಎಸೆಯುವುದು ಹಳೆಯ ಆಟ. ಇವನು ಒಂದು ಅಂದರೆ ಅವಳು ಎರಡು ತಿರುಗಿ ಎಸೆಯಬೇಕು. ಅವತ್ತು ಅವಳು ಏನೂ ಎಸೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಏನು ತಪ್ಪಾಡಿದೆ ಎಂದು ಗೊತ್ತಾಗದಿದ್ದರೂ ಏನೋ ತಪ್ಪಾಡಿದ್ದೇನೆ ಎಂಬುದು ಮಾಮನಿಗೆ ಗೊತ್ತಾಯಿತು.

ತಪ್ಪಿಗೆ ಪ್ರಾಯಶ್ಚಿತ್ತವೆಂದು ಅವನಿಗೆ ತೋಚಿದ್ದು ಇನ್ನೊಂದು ಪಾರ್ಟು. ಅಂಗಡಿಗೆ ಓಡಿದ. ಪರದೆ ಚೆನ್ನಾಗೇ ಇದೆ ಎಂದಳು ಅಂಗಡಿಯಾಕೆ. ಇರಲಿ, ಬದಲಾಯಿಸಿಬಿಡಿ ಎಂದ ಇವನು. ಗಿರಾಕಿಯ ಮಾತು ಕೇಳಬಾರದು ಎನ್ನುವ ಪಾಠ ತನಗೆ ಅನ್ವಯಿಸುವುದಿಲ್ಲ ಎಂದುಕೊಂಡನೋ ಏನೋ. ಹೊಸ ಪರದೆ ಬಂತು, ಹಳೆಯದಕ್ಕಿಂತ ಎರಡರಷ್ಟು ಬೆಳಕು. "ಕಣ್ಣಿಗೆ ಹೊಡೀತಿದೆ," ಎಂದಳು ಪ್ರೂಫಕ್ಕ. ಹತ್ತು ಪುಟ ಎಂಟಕ್ಕಿಳಿಯಿತು. ತಿಂಗಳ ಕೊನೆಗೆ ಒಂಬತ್ತು ದಿನ ಉಳಿದಿತ್ತು, ಪುಸ್ತಕದಲ್ಲಿ ತಿದ್ದಲು ಇನ್ನೂ ಇನ್ನೂರು ಪುಟ ಬಾಕಿ.

ಯಂತ್ರ ಚುರುಕಾದಷ್ಟೂ ಕೆಲಸ ನಿಧಾನವಾಗುವುದು ಯಾವ ಶಾಸ್ತ್ರ? ಮಾಮನ ನಿದ್ದೆ ಹಾರಿತು, ಊಟ ಸೇರಲಿಲ್ಲ. ಗಿರಾಕಿಯೊಬ್ಬನ ಕೈಗಡಿಯಾರಕ್ಕೆ ಬೇರೊಬ್ಬನ ಪಟ್ಟಿ ಹಾಕಿ ಕಳಿಸಿಬಿಟ್ಟ.

ಗುರುವಾರ ಬಂತು. ಮಾಮ ಒಂದೊಂದೇ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಪ್ರೂಫಕ್ಕ ನೀರಿನ ಲೋಟ ತಂದು ಬಾಗಿಲಲ್ಲೇ ನಿಂತು ಗೋಡೆಯತ್ತ ನೋಡಿದಳು.

"ಆ ಉದ್ದ ಗಡಿಯಾರದ ಪೆಟ್ಟಿಗೆ ಯಾಕ್ರೀ ನಡುವೆ ಬಾಗಿದೆ? ಮರಕ್ಕೆ ನೀರು ಬಿತ್ತಾ?"

ಅದು ಗಿರಾಕಿಯ ಮಾಲು. ಮಾಮ ಕೂಡಲೇ ದಾರಕ್ಕೆ ತೂಕ ಕಟ್ಟಿ ಪೆಟ್ಟಿಗೆಯ ಪಕ್ಕಕ್ಕೆ ಇಳಿಬಿಟ್ಟ. ದಾರಕ್ಕೂ ಮರಕ್ಕೂ ಕೂದಲೆಳೆ ವ್ಯತ್ಯಾಸವಿರಲಿಲ್ಲ.

"ನೆಟ್ಟಗಿದೆಯಲ್ಲೇ! ಇನ್ನು ಬಾಗಿಲ ಚೌಕಟ್ಟೂ ಬಾಗಿದೆ ಅಂತೀಯೇನು?" ಎಂದ ನಗುತ್ತ.

"ಹೂಂ. ಅದೂ," ಎಂದಳು ಅವಳು ಮೆಲ್ಲಗೆ.

ಕೀಲಿ ಅವನ ಕೈಯಲ್ಲೇ ನಿಂತಿತು. ಕೆಲಸ ಕಲಿಸಿದ ಮುದುಕ ಹೇಳಿದ್ದ ಇನ್ನೊಂದು ಮಾತು ಈಗ, ಇಷ್ಟು ತಡವಾಗಿ, ನೆನಪಾಯಿತು. ಒಂದು ಗಡಿಯಾರ ತಪ್ಪು ತೋರಿಸಿದರೆ ಗಡಿಯಾರ ಬಿಚ್ಚು. ಮೂರು ಗಡಿಯಾರ ಒಂದೇ ತಪ್ಪು ತೋರಿಸಿದರೆ ಯಾವುದನ್ನೂ ಬಿಚ್ಚಬೇಡ, ನಿನ್ನ ಕೈಯಲ್ಲಿರುವ ವಾಚು ನೋಡಿಕೋ. ಪರದೆ ಡೊಂಕು, ಪೆಟ್ಟಿಗೆ ಡೊಂಕು, ಚೌಕಟ್ಟು ಡೊಂಕು.

ಕನ್ನಡಿ ಆಗಾಗ ಮಾಯವಾಗುತ್ತಿದ್ದದ್ದು ನೆನಪಾಗಿ ಅವನು ಹಿಂದಿನ ಕೋಣೆಗೆ ನಡೆದ. ಅವಳ ಮೇಜಿನ ಮೇಲೆ ದಪ್ಪ ನಿಘಂಟು ನಡುವೆ ಉಬ್ಬಿಕೊಂಡು ಸರಿಯಾಗಿ ಮುಚ್ಚದೆ ಬಿದ್ದಿತ್ತು. ತೆರೆದ. ಹಾಳೆಗಳ ನಡುವೆ ಅವನ ಕಪ್ಪು ಭೂತಗನ್ನಡಿ ಇತ್ತು. ಹಾಗಾದರೆ ಇವಳು ಇಷ್ಟು ದಿನ ಪರದೆಗೆ ಮೂಗು ತಾಗಿಸಿ, ಈ ಗುಬ್ಬಿಗಾತ್ರದ ಕನ್ನಡಿಯಲ್ಲಿ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದಳು!

ಪ್ರೂಫಕ್ಕ ಹಿಂದೆಯೇ ಬಂದಿದ್ದಳು. ಅವನ ಕೈಯಲ್ಲಿದ್ದದ್ದು ಅವಳಿಗೆ ಕಂಡಿತೋ, ನಿಘಂಟಿನ ಸದ್ದಿನಿಂದ ತಿಳಿಯಿತೋ.

"ಎಷ್ಟು ದಿನದಿಂದ?" ಎಂದ ಮಾಮ.

"ಐದು ತಿಂಗಳಾಯ್ತು. ನಟ್ಟನಡುವೆ ಒಂದು ಮಸಿ ಕಲೆ. ಎಲ್ಲಿ ನೋಡಿದ್ರೂ ಅಲ್ಲೇ ಬಂದು ಕೂರುತ್ತೆ. ಚಷ್ಮಾ ಬದಲಾಯಿಸಿದ್ರೂ ಹೋಗಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದ್ರೆ ಅಂಚಿನಲ್ಲಿ ಸ್ವಲ್ಪ ಸಿಗುತ್ತೆ."

"ಓರೆಯಾಗಿ ನೋಡ್ತಿದ್ದದ್ದು..."

"ಮತ್ತೆ? ನೆಟ್ಟಗೆ ನೋಡಿದ್ರೆ ನಿಮ್ಮ ಮುಖವೇ ಇರಲ್ಲ ಅಲ್ಲಿ."

ಮಾಮ ಕನ್ನಡಿಯನ್ನು ಅವಳ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ. ಸಿಟ್ಟು ಎಂದುಕೊಂಡಿದ್ದನಲ್ಲ! ತನ್ನ ಮುಖ ಹುಡುಕುತ್ತಿದ್ದವಳ ಮೇಲೆ ಮುನಿಸಿಕೊಂಡು ಎಷ್ಟು ಹೊತ್ತು ಆ ಮುಖವನ್ನೇ ತಿರುಗಿಸಿ ಕೂತಿದ್ದ. ಗಾದೆ ಬೇರೆ ಹೇಳಿದ್ದ, ಅದೂ ನಗುತ್ತ. ಅವನಿಗೆ ನಾಚಿಕೆಯಾಯಿತು, ದುಃಖ ಉಕ್ಕಿ ಬಂತು.

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು. ಕಣ್ಣೇ ನನ್ನ ಬಂಡವಾಳ ಅಲ್ವಾ? ಲ್ಯಾಪ್‌ಟಾಪ್ ನಿಧಾನ ಇದ್ದಷ್ಟು ದಿನ ತಪ್ಪೆಲ್ಲ ಅದರ ತಲೆಗೆ ಕಟ್ತಿದ್ದೆ. ನೀವು ಅದನ್ನ ಸರಿಮಾಡಿಬಿಟ್ರಿ." ಅವಳು ನಗಲು ನೋಡಿದಳು, ಆಗಲಿಲ್ಲ. "ಈಗ ನನಗೆ ಯಾವ ಪಾರ್ಟ್ ಹಾಕ್ತೀರಿ?"

ಬಿಚ್ಚಿ ನೋಡಲು ಬರದ ಕೆಲಸ ಮಾಮನ ಎದುರಿಗೆ ಬಂದದ್ದು ಇದೇ ಮೊದಲು. ಫೋನ್ ಎತ್ತಿ ಕಣ್ಣಿನ ಡಾಕ್ಟರಲ್ಲಿ ಮರುದಿನ ಬೆಳಿಗ್ಗೆಗೆ ಹೊತ್ತು ಗೊತ್ತುಮಾಡಿದ. ಆಸ್ಪತ್ರೆಯಲ್ಲಿ ಏನು ಹೇಳುತ್ತಾರೋ, ಆ ಕಲೆ ಹೋಗುವಂಥದ್ದೋ ಅಲ್ಲೇ ಉಳಿಯುವಂಥದ್ದೋ, ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ ಏನು ಮಾಡುವುದೆಂದು ತೋಚದೆ ಲ್ಯಾಪ್‌ಟಾಪ್ ತೆರೆದ. ಅದು ಹದಿನಾಲ್ಕು ಸೆಕೆಂಡಿಗೆ ಎದ್ದು ಕೂತಿತು.

"ಎಲ್ಲಿಗೆ ಬಂದಿದ್ದೆ?"

"ಇನ್ನೂರ ಹನ್ನೆರಡನೇ ಪುಟ. ಯಾಕೆ?"

ಮಾಮ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಮೊದಮೊದಲು ಕೀಲಿ ಕಡಿಮೆಯಾದ ಗಡಿಯಾರದ ಹಾಗೆ ತಡವರಿಸಿದ, ಆಮೇಲೆ ಒಂದೇ ಉಸಿರಿಗೆ ಓಡಿದ. "ಉಸಿರು ಬಿಟ್ಟು ಓದಿ, ರೈಲು ತಪ್ಪಿಹೋಗಲ್ಲ," ಎಂದು ಬೈದಳು ಪ್ರೂಫಕ್ಕ. ಅವಳು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ಹೀಗೇ ಇತ್ತಂತೆ, ಒಬ್ಬರು ಓದುವುದು, ಒಬ್ಬರು ತಿದ್ದುವುದು. ಅವಳು ಕಣ್ಣು ಮುಚ್ಚಿ ಕೂತಳು. ಎರಡು ಪುಟ ದಾಟಿತು, ಮೂರು ದಾಟಿತು.

"'ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಮೂರು ಸಲ ಹೊಗೆ ಹಾಕಬೇಕು...'"

"ನಿಲ್ಲಿಸಿ. ನಲವತ್ತನೇ ಪುಟದಲ್ಲಿ ಎರಡು ಸಲ ಅಂದಿದ್ದಾನೆ."

ಮಾಮ ಹಿಂದಕ್ಕೆ ಹೋಗಿ ಹುಡುಕಿದ. ನಲವತ್ತಲ್ಲ, ನಲವತ್ತೊಂದನೇ ಪುಟ. ಎರಡು ಸಲ ಎಂದೇ ಇತ್ತು. ಆ ತಪ್ಪು ಪರದೆಯ ಮೇಲೆ ಎಲ್ಲೂ ಕಾಣುವಂಥದ್ದಲ್ಲ, ಅವಳ ತಲೆಯೊಳಗೆ ಮಾತ್ರ ಸಿಗುವಂಥದ್ದು.

"ಎರಡು ಅಂತಲೇ ಇದೆ ಕಣೇ!" ಎಂದ.

ಪ್ರೂಫಕ್ಕ ಕಣ್ಣು ಬಿಟ್ಟು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಓರೆಯಾಗಿ ಅವನತ್ತ ನೋಡಿದಳು. ಈ ಸಲ ಮಾಮ ಮುಖ ತಿರುಗಿಸಲಿಲ್ಲ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲಾಡದೆ ಕೂತ.

"ಇವತ್ತು ಗಡ್ಡ ಬೋಳಿಸಿಲ್ಲ ನೀವು," ಎಂದಳು ಅವಳು. "ಹೂಂ, ಮುಂದೆ ಓದಿ."