ಭರತ ಸರ್ ಅವರ ಜಗಳದ ಪದಕೋಶ

ರಾಯಬಾಗದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಭರತನಿಗೆ ಇಟಾಲಿಯನ್ ಭಾಷೆ ಬರುತ್ತಿತ್ತು. ಯಾಕೆ ಬರುತ್ತಿತ್ತು ಎಂದರೆ ಅವನ ಹೆಂಡತಿ ಉಜ್ವಲಾಳಿಗೂ ಗೊತ್ತಿಲ್ಲ. ಲಾಕ್‌ಡೌನಿನಲ್ಲಿ ಓಣಿಯ ಗಂಡಸರು ಇಸ್ಪೀಟು ಕಲಿತರು, ಇವನು ಮೊಬೈಲಿನಲ್ಲಿ ಇಟಾಲಿಯನ್ ಕಲಿತ. ಆಮೇಲೆ ಅದ್ಯಾವುದೋ ವೆಬ್‌ಸೈಟಿನವರು ಇಂಗ್ಲಿಷ್ ಮಾತುಗಳಿಗೆ ಇಟಾಲಿಯನ್ ಅರ್ಥ ಬರೆದುಕೊಡಿ, ದುಡ್ಡು ಕೊಡುವುದಿಲ್ಲ, ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ ಎಂದರು. ಹೆಸರು ಎಂದದ್ದೇ ತಡ, ನಮ್ಮ ಪಂಡಿತರು ಉಬ್ಬಿಹೋದರು.

ಈ ವಾರ ಅವನಿಗೆ ಬಂದ ವಿಷಯ ಜಗಳ ಮತ್ತು ಸಂಬಂಧ ಕಡಿದುಕೊಳ್ಳುವುದು. ಉಜ್ವಲಾ ಚಪಾತಿ ಲಟ್ಟಿಸುತ್ತಿದ್ದರೆ ಇವನು ಲ್ಯಾಪ್‌ಟಾಪ್ ಹೊತ್ತುಕೊಂಡು ಅಡುಗೆಮನೆಗೇ ಬಂದ.

"ಬರೇ ಜಗಳಾಡೂದಕ್ಕ ಲಿಟಿಗಾರೆ ಅಂತಾರ. ಸಣ್ಣ ಮಕ್ಕಳಂಗ ಕಚ್ಚಾಡಿದ್ರ ಬಿಸ್ಟಿಚ್ಚಾರೆ. ಸಂಬಂಧ ಪೂರ್ತಿ ಕಡಕೊಂಡ್ರ, ಸೇತುವಿ ಕಡದ್ರು ಅಂತಾರಂತ. ಎಷ್ಟ್ ಚಂದ ಐತಿ ನೋಡು."

"ಇಟಲಿ ಸೇತುವಿ ಆಮ್ಯಾಲ ಕಡೀರಿ. ರವಿವಾರ ಅಕ್ಕಾರು ಬರ್ತಾರ. ಅವ್ರಿಗೆ ಏನ್ ಹೇಳ್ತೀರಿ, ಅದನ್ನ ಹೇಳ್ರಿ."

ಭರತ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದ.

ಬರುವವಳು ಅವನ ಹಿರಿಯಕ್ಕ ಗೌರಾಬಾಯಿ. ಕೊಕಟನೂರಿನಲ್ಲಿ ದ್ರಾಕ್ಷಿ ತೋಟದ ಮನೆ. ಭರತನ ಮಗಳು ಸ್ನೇಹಲ ಹುಟ್ಟಿದಾಗಲೇ, ಇವಳು ನನ್ನ ಮಗ ಲಖನನಿಗೆ ಎಂದು ಆಕೆ ಹೇಳಿಬಿಟ್ಟಿದ್ದಳು. ಸೋದರತ್ತೆಯ ಹಕ್ಕು ನಮ್ಮ ಕಡೆ ಸಣ್ಣದಲ್ಲ. ಭರತನೂ ಹಲ್ಲು ಕಿರಿದು ಹೂಂ ಅಂದಿದ್ದ. ಈಗ ಸ್ನೇಹಲ ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ಲಖನನನ್ನು ಒಲ್ಲೆ ಎಂದು ಅಪ್ಪನ ಎದುರಿಗೇ ಹೇಳಿದ್ದಳು. ಅಪ್ಪ ತಲೆ ಸವರಿ, "ನಾ ಅದೀನಲ್ಲ," ಎಂದಿದ್ದ. ಆ ಮಾತು ನಂಬಿಕೊಂಡು ಹುಡುಗಿ ಈ ವಾರವೂ ಮನೆಗೆ ಬಂದಿದ್ದಳು.

ಉಜ್ವಲಾಳಿಗೆ ಆ ನಂಬಿಕೆ ಇರಲಿಲ್ಲ. ಈ ಮನುಷ್ಯ ಸಂತೆಯಲ್ಲಿ ಕೊಳೆತ ಟೊಮೆಟೊ ಹಾಕಿದರೂ ಥ್ಯಾಂಕ್ಸ್ ಹೇಳಿ ಬರುವವನು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಎನ್ನುವವನು. ಇವನ ಹೆಸರಿನಲ್ಲಿ ಜಗಳದ ಪದಕೋಶವಂತೆ. ಥೂ, ಇಟಲಿಯವರಿಗಾದರೂ ಬುದ್ಧಿ ಬೇಡವೇ.

ರವಿವಾರ ಗೌರಾಬಾಯಿ ಗಂಡ ಧರೆಪ್ಪನ ಜೊತೆ ಜೀಪಿನಲ್ಲಿ ಬಂದಿಳಿದಳು. ಸೀರೆ, ತೆಂಗಿನಕಾಯಿ, ಸಕ್ಕರೆಯ ಪೊಟ್ಟಣ ಎಲ್ಲ ಚೀಲದಿಂದ ತೆಗೆದು ಸಾಲಾಗಿ ಚಾಪೆಯ ಮೇಲಿಟ್ಟಳು. ಸ್ನೇಹಲ ಒಳಗಿನ ಕೋಣೆಯ ಬಾಗಿಲ ಹಿಂದೆ ನಿಂತಿದ್ದಳು.

"ತಮ್ಮಾ, ಹುಡುಗಿನ್ನ ಕರಿ. ಸಕ್ಕರಿ ಬಾಯಾಗ ಹಾಕಿ ಮಾತು ಮುಗಸೂನು," ಎಂದಳು ಗೌರಾಬಾಯಿ.

"ಅದು ಹಂಗಲ್ಲ ಅಕ್ಕಾ," ಎಂದ ಭರತ. "ಹಂಗಂತ ಅಲ್ಲಾ ಅಂತನೂ ಅಲ್ಲ."

ಉಜ್ವಲಾ ಚಹದ ಕಪ್ಪುಗಳನ್ನು ಬಂದವರ ಮುಂದಿಟ್ಟು ತಾನೇ ಬಾಯಿ ತೆರೆದಳು.

"ಅಕ್ಕಾರ, ಸ್ನೇಹಲ ಒಲ್ಲೆ ಅಂದಾಳ್ರಿ. ನಾನೂ ಒಲ್ಲೆ."

"ನಿಂದು ತಿಳೀತು. ನನ್ನ ತಮ್ಮನ ಬಾಯಿಂದ ಕೇಳ್ತೀನಿ. ಏನೋ ಭರತ, ನೀ ಏನಂತೀ? ಒಲ್ಲೆ ಅಂದ್ರ ಒಲ್ಲೆ ಅನ್ನು. ಜಗಳಾಡಿ ಎದ್ದು ಹೋಗ್ತೀನಿ."

ಒಂದೇ ಒಂದು ಮಾತು ಸಾಕಿತ್ತು. ಭರತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಜಗಳ ಯಾಕ ಅಕ್ಕಾ? ಉಜ್ವಲಾ ಹೇಳೂದ್ರಾಗೂ ಅರ್ಥ ಐತಿ, ನೀ ಹೇಳೂದ್ರಾಗೂ ಅರ್ಥ ಐತಿ. ನೀವಿಬ್ರೂ ಕೂಡಿ ಹೆಂಗಂತೀರಿ ಹಂಗ."

ಗೌರಾಬಾಯಿ ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮಾತಾಡಿದಾಗ ದನಿ ಏರಿರಲಿಲ್ಲ.

"ನನ್ನ ಲಗ್ನಾದ ವರ್ಷ ಈ ನಿಮ್ಮ ಮಾವ ನನ್ನ ಮ್ಯಾಲ ಕೈ ಮಾಡಿದ್ರು. ಅಪ್ಪ ಬಂದು ನಮ್ಮ ಬಾಗಿಲಾಗ ನಿಂತು, ಓಣಿ ಮಂದಿ ಎಲ್ಲಾ ಕೂಡೂವಂಗ ಬೈದ. ಒಂದು ಹನಿ ನೀರು ಕುಡೀಲಿಲ್ಲ. ಆವತ್ತಿಂದ ಇವ್ರ ಕೈ ಎದ್ದಿಲ್ಲ. ಬೇಕಾದ್ರ ಕೇಳು, ಇಲ್ಲೇ ಕುಂತಾರ."

ಧರೆಪ್ಪ ಚಹದ ಕಪ್ಪಿನೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕಿದ.

"ನಮ್ಮ ಲಖನಗೂ ಅವರಪ್ಪನ ಕೈನ ಬಂದೈತಿ. ಹಡದಾಕಿ ನಾ, ನನಗ ಗೊತ್ತಿಲ್ಲೇನು? ನಾಳೆ ಅಂವ ಹೊಡದ್ರ ನನ್ನ ಬಾಗಿಲಿಗೆ ಬಂದು ಜಗಳಾಡಾವ್ರು ಯಾರು? ನೀ ಬರ್ತೀ? ಬಂದು, ಹೊಡದಾಂವಂದ್ರಾಗೂ ಅರ್ಥ ಐತಿ, ಹೊಡಿಸ್ಕೊಂಡಾಕಿದ್ರಾಗೂ ಅರ್ಥ ಐತಿ ಅಂತೀ. ಬೆನ್ನಿಗೆ ಅಪ್ಪ ಇಲ್ಲದ ಹುಡುಗಿನ್ನ ನಾ ಒಯ್ಯಂಗಿಲ್ಲ. ಪಾಪ ಹತ್ತತೈತಿ ನನಗ."

ಸೀರೆ ಮತ್ತೆ ಚೀಲ ಸೇರಿತು. ಗೌರಾಬಾಯಿ ಹೋಗುವಾಗ ಉಜ್ವಲಾಳ ಕೈ ಒಮ್ಮೆ ಹಿಡಿದು ಬಿಟ್ಟಳು, ತಮ್ಮನ ಕಡೆ ತಿರುಗಲಿಲ್ಲ.

ಜೀಪು ಓಣಿ ದಾಟಿದ ಮೇಲೆ ಭರತ ಉಸ್ಸೆಂದು ಕುರ್ಚಿಗೆ ಒರಗಿದ. ಮುಖದ ಮೇಲೆ ಆಗಲೇ ಮದುವಣಿಗನ ಕಳೆ.

"ನೋಡಿದ್ಯಾ? ಒಂದು ದನಿ ಏರಲಿಲ್ಲ, ಯಾರ ಸಂಬಂಧನೂ ಕೆಡಲಿಲ್ಲ, ಕೆಲಸಾತು. ಇದಕ್ಕ ಶಾಣ್ಯಾತನ ಅಂತಾರ."

ಉಜ್ವಲಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮಾನ ಹೋದದ್ದೂ ಗೊತ್ತಾಗದ ಗಂಡಸಿಗೆ ಏನೆಂದು ಬೈಯುವುದು? ಅಷ್ಟರಲ್ಲಿ ಸ್ನೇಹಲ ಹೊರಗೆ ಬಂದಳು.

"ಪಪ್ಪಾ, ಅತ್ತಿ ಸೀರಿ ವಾಪಸ್ ಒಯ್ಯದ ಇದ್ದಿದ್ರ ನನ್ನ ಕೊಡ್ತಿದ್ದೇನು?"

"ಹಂಗ್ಯಾಕ ಕೇಳ್ತೀ? ಈಗ ಆಗಿಲ್ಲಲ್ಲ."

"ಆಗಿದ್ರ?"

ಭರತ ಹೆಂಡತಿಯ ಮುಖ ನೋಡಿದ. ಮದುವೆಯಾದಾಗಿನಿಂದ ಅವನು ಹೀಗೆ ನೋಡಿದಾಗಲೆಲ್ಲ ಉಜ್ವಲಾ ಅವನ ಪರವಾಗಿ ಉತ್ತರ ಕೊಡುತ್ತಿದ್ದಳು. ಇವತ್ತು ಬಾಯಿ ಬಿಡಲಿಲ್ಲ. ಹುಡುಗಿ ನಿಂತೇ ಇದ್ದಳು, ಅಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದ.

ಸ್ನೇಹಲ ಒಳಗೆ ಹೋಗಿ ಹಾಸ್ಟೆಲಿನ ಬ್ಯಾಗು ತಂದಳು. ರಜೆ ಮುಗಿಸಿ ಹೋಗುವಾಗೆಲ್ಲ ಸ್ಕೂಟರಿನಲ್ಲಿ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡುವವನು ಭರತನೇ. ಅವನು ಅಭ್ಯಾಸದಂತೆ ಎದ್ದು ಬೀಗದ ಕೈ ತೆಗೆದುಕೊಂಡ.

"ಪಪ್ಪಾ ಬ್ಯಾಡ," ಎಂದಳು ಸ್ನೇಹಲ, ಅಮ್ಮನ ಕಡೆ ನೋಡಿ. "ಮಮ್ಮಿ, ನೀ ಬಾ. ನಡಕೊಂತ ಹೋಗೂನು."