ಎರಡನೆಯ ಬಾಟಲಿ

ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರಮ್ಮ ನನಗೆ ಎರಡು ಬಾಟಲಿ ಕೊಟ್ಟರು. ಒಂದು ಕೀವಾಗದಿರಲು, ಇನ್ನೊಂದು ಊತ ಇಳಿಯಲು. ದಿನಕ್ಕೆ ನಾಲ್ಕು ಸಲ. ಮೊದಲ ಹನಿ ಬಿಟ್ಟು ಐದು ನಿಮಿಷ ಕಣ್ಣು ಮುಚ್ಚಿರಬೇಕು, ಆಮೇಲೆ ಎರಡನೆಯದು.

ನಲವತ್ತು ವರ್ಷ ಲಾರಿ ಓಡಿಸಿದ ಕೈ ನನ್ನದು. ಸೂಜಿಯ ಕಣ್ಣೊಳಗೂ ಲಾರಿ ತೂರಿಸಿಬಿಡುತ್ತಿದ್ದೆ. ನನ್ನ ಕಣ್ಣಿಗೇ ಹನಿ ಬಿಡಲು ಹೋದರೆ ಮಾತ್ರ ಅದು ಮೀಸೆಗೆ ಬೀಳುತ್ತಿತ್ತು. ಹಾಗಾಗಿ ಪಕ್ಕದ ಮನೆಯ ಟೈಲರಮ್ಮ ಬಂದು ಹಾಕುತ್ತಿದ್ದಳು. ಎರಡನೆಯ ಹನಿಗಾಗಿ ಐದು ನಿಮಿಷ ಸ್ಟೂಲಿನ ಮೇಲೆ ಕೂತಿರಲೇಬೇಕಲ್ಲ! ನಾನು ಶುರುಮಾಡುತ್ತಿದ್ದೆ.

"ಒಂದ್ಸಲ ಬಿಸಿಲಿಗೆ ಡಾಂಬರು ಕರಗಿ ಟೈರಿಗೆ ಅಂಟ್ಕೊಂಡ್ಬಿಡ್ತು, ತಾಯಿ. ನಾನು ಬಿಡ್ತೀನಾ? ಎಳೆದೆ ನೋಡು, ರಸ್ತೆನೇ ಚಾಪೆ ಥರ ಕಿತ್ಕೊಂಡು ಬಂತು. ಮುಂದಿನ ಊರು ಎರಡು ಮೈಲಿ ಹತ್ರ ಆಗೋಯ್ತು!"

"ಲಾರಿ ಡ್ರೈವರಾಗಿ ರೈಲು ಬಿಡ್ತೀರಲ್ಲ, ತಾತ!"

ಬೈದರೂ ಹೂಂಗುಟ್ಟುತ್ತಿದ್ದಳು.

ತಿಂಗಳಿಗೆ ಹನಿ ನಿಂತಿತು, ಅವಳೂ ನಿಂತಳು. ಆಮೇಲೆ ಮನೆಯಲ್ಲಿ ನನಗೆ ಉತ್ತರ ಕೊಡುತ್ತಿದ್ದದ್ದು ಕುಕ್ಕರ್ ಒಂದೇ. ಗೋಡೆಯಾಚೆ ಅವಳ ಹೊಲಿಗೆ ಮಿಷನ್ ಸದ್ದು ಕೇಳುತ್ತಿತ್ತು. ಸುಮ್ಮಸುಮ್ಮನೆ ಹೋಗಿ ಬಾಗಿಲು ತಟ್ಟಲು ಆಗುತ್ತದೆಯೇ?

ಎಂಟು ತಿಂಗಳಾದ ಮೇಲೆ ಆ ಕಣ್ಣು ಮತ್ತೆ ಮಬ್ಬಾಯಿತು. ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ.

"ಪೊರೆ ವಾಪಸ್ ಬಂದಿಲ್ಲ," ಅಂದರು ಡಾಕ್ಟರಮ್ಮ. "ಲೆನ್ಸ್ ಹಿಂದಿರೋ ತೆಳು ಪದರ ಮಬ್ಬಾಗಿದೆ, ಅಷ್ಟೆ. ಲೇಸರಲ್ಲಿ ಸಣ್ಣ ಕಿಂಡಿ ಮಾಡಿದ್ರೆ ಸರಿಹೋಗುತ್ತೆ."

"ಹನಿ ಇದೆ ತಾನೆ?"

"ಇದೆ. ದಿನಕ್ಕೆ ನಾಲ್ಕು ಸಲ, ಒಂದು ವಾರ."

ಲೇಸರ್ ಆದ ಮೇಲೆ ಒಂದೇ ಬಾಟಲಿ ಕೈಗಿಟ್ಟರು.

"ಇನ್ನೊಂದು ಮರೆತ್ರಿ, ಅಮ್ಮ."

"ಬೇಡ. ಈ ಸಲ ಊತದ್ದೊಂದೇ ಸಾಕು."

"ಇರ್ಲಿ, ಕೊಟ್ಬಿಡಿ."

"ಅದೇನು ಶರಬತ್ತಾ, ತಾತ?"

ಸಂಜೆ ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ಹನಿ ಬಿಟ್ಟಳು. ಸ್ಟೂಲು ಎಳೆಯುತ್ತಾ, "ಇನ್ನೊಂದೆಲ್ಲಿ?" ಅಂದಳು.

ನಲವತ್ತು ವರ್ಷದ ಸುಳ್ಳುಗಾರ ನಾನು. ಆಗ ಒಂದೂ ಬಾಯಿಗೆ ಬರಲಿಲ್ಲ.

"ಒಂದೇ ಅಂತೆ."

"ಸದ್ಯ! ಐವತ್ತು ಯೂನಿಫಾರಂ ಬಿದ್ದಿದೆ. ಬರ್ತೀನಿ ತಾತ."

ನಾನು ಕಣ್ಣು ಮುಚ್ಚುವಷ್ಟರಲ್ಲಿ ಆಚೆ ಮಿಷನ್ ಓಡತೊಡಗಿತು. ನಾನು ಖಾಲಿ ಸ್ಟೂಲಿಗೇ ಹೇಳಿದೆ:

"ಒಂದ್ಸಲ ಮಂಜು ಎಷ್ಟು ದಟ್ಟ ಇತ್ತಂದ್ರೆ, ಹೆಡ್‌ಲೈಟ್ ಬೆಳಕು ಮುಂದೆ ಹೋಗೋಕೆ ಹೆದರಿ, ವಾಪಸ್ ಬಂದು ನನ್ನ ಪಕ್ಕದಲ್ಲೇ ಕೂತ್ಕೊಂಡ್ತು…"

ಮಿಷನ್ ನಿಂತಿತು.

ದಾರ ಕಡಿದಿತ್ತೋ ಏನೋ. ನಾನು ಕಣ್ಣು ಬಿಡದೆ, ದನಿ ಸ್ವಲ್ಪ ಏರಿಸಿದೆ.