ಎರಡನೆಯ ಗುಂಡು

ಚೀನಾ ಯುದ್ಧದ ಗಡಿಬಿಡಿಯಲ್ಲಿ ಶಿರಂಗಾಲದ ರಸ್ತೆಬದಿ ಎದ್ದ ಕಾರ್ಖಾನೆ ಕ್ವಾರ್ಟರ್ಸಿನ ನಡುಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ. ಸಿಮೆಂಟು ಸಾಲದಾಯಿತೋ, ಯಾರದೋ ಹೊಟ್ಟೆ ಸೇರಿತೋ, ದೇವರೇ ಬಲ್ಲ. ಸೈನ್ಯಕ್ಕೆ ಗುಂಡಿನ ಪೆಟ್ಟಿಗೆ ಮಾಡುವ ಗಂಡ ಮೊಣ್ಣಪ್ಪನ ಜೊತೆ ಬಂದ ಹೊನ್ನಮ್ಮನಿಗಂತೂ ಆ ಸಂದು ದೊಡ್ಡ ಉಪಕಾರವಾಯಿತು. ಪಕ್ಕದ ಮನೆಯ ಕೆಮ್ಮು, ಬಳೆಯ ಸದ್ದು, ಒಗ್ಗರಣೆ ಎಲ್ಲ ಅದರ ಮೇಲಿಂದಲೇ ಬರುತ್ತಿದ್ದವು. ಮಾತು ಮಾತ್ರ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಒಬ್ಬಳೇ ಹೆಂಗಸು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ಬಾಗಿಲು ಭದ್ರ. ಕಾಚಂಪುಳಿಯ ಹುಳಿವಾಸನೆ ಹಿಡಿದು ಹೊನ್ನಮ್ಮ ಇವಳು ಕೊಡಗಿನವಳೇ ಎಂದು ಪತ್ತೆ ಹಚ್ಚಿದ್ದಳು. ಆದರೆ ಯಾರ ಪೈಕಿ? ಒಂಟಿ ಯಾಕೆ? ಹೊಸ ಜಾಗದಲ್ಲಿ ಮಾತಿಗೊಂದು ಜೀವವಿಲ್ಲದೆ ಸೊರಗಿದ್ದ ಹೊನ್ನಮ್ಮ ಪಲ್ಯ ಹಿಡಿದು ಹೋಗಿ ಕದ ತಟ್ಟಿದರೆ, ಒಳಗೆ ಬಳೆಯ ಸದ್ದೂ ನಿಂತುಹೋಗುತ್ತಿತ್ತು.

ಹೊಸ ಭತ್ತದ ಹಬ್ಬ ಹುತ್ತರಿ ಬಂತು. ಮಾವ ಉತ್ತಯ್ಯ ಕಕ್ಕಬೆಯಿಂದ ಹೊಸ ಕದಿರನ್ನೂ ಜೋಡುನಳಿಗೆ ಕೋವಿಯನ್ನೂ ಹೊತ್ತು ತಂದ. ಮುಸ್ಸಂಜೆಗೆ ಅಂಗಳದಲ್ಲಿ ನಿಂತು ವಾಡಿಕೆಯಂತೆ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಸಾಲಿನ ಜನವೆಲ್ಲ ಹೊರಬಂದರು. ಪಕ್ಕದ ಬಾಗಿಲು ಮಾತ್ರ ಅಲುಗಲಿಲ್ಲ.

"ಇನ್ನೊಂದು ಹಾರ್ಸಿ ಮಾವ," ಎಂದಳು ಹೊನ್ನಮ್ಮ, ಕಣ್ಣು ಆ ಬಾಗಿಲ ಮೇಲೇ ಇಟ್ಟು.

"ಸರಿ, ಗಡಿಲಿರುವ ನಮ್ಮ ಮಕ್ಕಳಿಗೊಂದು!" ಮಾವನಿಗೂ ಹುರುಪು. ಎರಡನೆಯ ಗುಂಡೂ ಹಾರಿತು.

ಬಾಗಿಲು ತೆರೆಯಿತು. ಕೂದಲು ಕೆದರಿದ ಹೆಂಗಸೊಬ್ಬಳು ಅಂಗಳಕ್ಕೆ ಓಡಿಬಂದಳು.

"ಯಾರು ತಂದದ್ದು ಸುದ್ದಿ? ಎಲ್ಲಿ ಬಿದ್ದೊ ಅಂತ ಹೇಳಿ!"

ಉತ್ತಯ್ಯ ಕೋವಿ ಕೆಳಗಿಳಿಸಿದ. ಕೊಡಗಿನಲ್ಲಿ ಒಂದರ ಹಿಂದೊಂದು ಎರಡು ಗುಂಡು ಹಾರುವುದು ಸಾವಿಗೆ. ಹಬ್ಬದ ಭರದಲ್ಲಿ ಮಾವ ಸೊಸೆ ಇಬ್ಬರೂ ಅದನ್ನು ಮರೆತಿದ್ದರು.

"ಹುತ್ತರಿ ಗುಂಡು ಅಕ್ಕ! ಯಾರಿಗೂ ಎಂತದೂ ಆತ್ಲೆ!" ಹೊನ್ನಮ್ಮ ಅವಳನ್ನು ತಬ್ಬಿ ಹಿಡಿದಳು.

ಅವಳು ಮೆಟ್ಟಿಲ ಮೇಲೆ ಕುಳಿತಳು. ಹೆಸರು ಬೊಳ್ಳಮ್ಮ. "ನನ್ನ ಗಂಡ ನೇಫಾ ಗಡಿಗೆ ಹೋದೊ. ಯುದ್ಧ ನಿಂತರೂ ಸುದ್ದಿ ಇಲ್ಲೆ. ಯಾರು ಕದ ತಟ್ಟಿದರೂ ಹೆದರಿಕೆ. ಊರ್‌ಲಿ ಕೋವಿ ಸದ್ದು ಕೇಳಿಕೆ ಆಗದೆ ಇಲ್ಲಿಗೆ ಬಂದೆ."

ತೆರೆಯಲೆಂದು ಹಂಬಲಿಸಿದ ಬಾಗಿಲು ತೆರೆದಿತ್ತು. ಹೊನ್ನಮ್ಮನಿಗೆ ಅತ್ತ ನೋಡಲು ನಾಚಿಕೆಯಾಯಿತು. ಕದಿರಿನಲ್ಲಿ ಅರ್ಧ ತೆಗೆದು ಆ ಬಾಗಿಲಿಗೂ ಕಟ್ಟಿದಳು.

"ಇನ್ನು ನಮ್ಮ ಮನೇಲಿ ಮೆಲ್ಲಗೆ ಮಾತಾಡುವೊ, ಅಕ್ಕ. ನೀವು ಹಗಲು ಮಲಗುವವರು."

ಬೊಳ್ಳಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದಳು. "ಬೇಡ. ಗೋಡೆ ಮೇಲಿಂದ ನಿಮ್ಮ ಮಾತು ಕೇಳಿದರೇ ನಂಗೆ ನಿದ್ದೆ ಬರುದು."